ಎಲ್ಲ ಹಾಡಿನಲ್ಲೂ ಒಬ್ಬಳೇ ಅವ್ವ

‘ಈ ಕವಿಗೆ ಇಡೀ ಜಿಲ್ಲಾದಾಗ ಒಬ್ಬಾಕಿನ ಅವ್ವ ಗೊತ್ತೇನ? ಎಲ್ಲಾ ಹಾಡಿನ್ಯಾಗೂ ಅಕಿನ ಬಂದ ಕುಂದರತಾಳಲ್ಲ’ ಎಂದು ಯಾರೋ ಹಾಡಿನ ಕೆಳಗೆ ಬರೆದಿದ್ದರು. ಬರೆದವನಿಗೆ ಮುಖವಿರಲಿಲ್ಲ, ಮುಖದ ಜಾಗದಲ್ಲಿ ಒಂದು ಕೆಂಪು ಟ್ರ್ಯಾಕ್ಟರಿನ ಚಿತ್ರವಿತ್ತು. ಅದರ ಕೆಳಗೆ ಕಣ್ಣಲ್ಲಿ ನೀರು ಬರುವಷ್ಟು ನಗುವ ಹಳದಿ ಮುಖಗಳು ಸಾಲುಗಟ್ಟಿದ್ದವು. ಲಗಮಣ್ಣ ಮುಂಜಾನೆ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಅದನ್ನು ಓದಿ ನೊರೆ ನುಂಗಿದ್ದ. ಯರಗಟ್ಟಿ ಬಸ್‌ಸ್ಟ್ಯಾಂಡಿನ ಎದುರಿನ ಫ್ಲೆಕ್ಸ್ ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ಕೂತ ಮೇಲೂ ಆ ನೊರೆಯ ರುಚಿ ಹೋಗಿರಲಿಲ್ಲ. ಮಾತು ಖರೆ ಇತ್ತು, ಅದಕ್ಕೇ ನಟ್ಟಿತ್ತು. ಬೈಲಹೊಂಗಲದ ಗೌರೀಶನ ಸ್ಟುಡಿಯೋಕ್ಕೆ ಅವನು ಇಷ್ಟು ವರ್ಷ ಬರೆದುಕೊಟ್ಟದ್ದೆಲ್ಲ ಸತ್ತ ತಾಯಂದಿರ ಹಾಡು. ಮಕ್ಕಳು ವಾಟ್ಸ್ಯಾಪಿನಲ್ಲಿ ಸತ್ತವಳ ಒಂದು ಫೋಟೋ, ಊರು, ಗಂಡುಮಕ್ಕಳ ಹೆಸರು ಕಳಿಸುತ್ತಿದ್ದರು. ಹೆಣ್ಣುಮಕ್ಕಳ ಹೆಸರು ಕೇಳಿದರೆ ಮಾತ್ರ. ಅಷ್ಟರಿಂದಲೇ ಅವಳನ್ನು ಎಬ್ಬಿಸಿ ನಿಲ್ಲಿಸಬೇಕು, ವರ್ಷದ ಪುಣ್ಯತಿಥಿಯ ದಿನ ಪೆಂಡಾಲಿನ ಸೌಂಡ್ ಬಾಕ್ಸಿನಿಂದ ಅವಳು ಎಲ್ಲರನ್ನೂ ಅಳಿಸಬೇಕು. ಮೊದಮೊದಲು ಹಾಡುಗಳಲ್ಲಿ ದೀಪ ಆರಿತು, ಹಕ್ಕಿ ಹಾರಿತು, ಆಲದ ಮರ ಬಿತ್ತು. ಅವು ತೀರಿದ ಮೇಲೆ ಅವನು ತನ್ನ ಮನೆಯಲ್ಲೇ ಇದ್ದ, ಇನ್ನೂ ಸಾಯದ ತಾಯಿಗೆ ಕೈಹಾಕಿದ. ಸೀತವ್ವ ಅರ್ಧ ಟಿಕೀಟು ತಪ್ಪಿಸಲು ಬಸ್ಸಿನಲ್ಲಿ ಚಿಕ್ಕವನಾಗಿದ್ದ ತನ್ನನ್ನು ಸೆರಗಿನೊಳಗೆ ಮುದುಡಿಸಿ ಕೂರಿಸಿಕೊಳ್ಳುತ್ತಿದ್ದುದನ್ನು ರಾಮದುರ್ಗದ ಸಾವಕಾರನೊಬ್ಬನ ತಾಯಿಗೆ ಕೊಟ್ಟ. ಹತ್ತಿ ಬಿಡಿಸಿ ಬಿರಿದ ಬೆರಳಿಗೆ ಕಾಸಿದ ಎಣ್ಣೆ ಬಿಟ್ಟುಕೊಳ್ಳುತ್ತಿದ್ದುದನ್ನು ಕಿತ್ತೂರಿನ ಹೆಡ್‌ಮಾಸ್ತರರೊಬ್ಬರ ತಾಯಿಗೆ. ಎಲೆ ಹಾಕಿಕೊಂಡು ಬೆರಳಿಗೆ ಉಳಿದ ಸುಣ್ಣವನ್ನು ಬಾಗಿಲ ಚೌಕಟ್ಟಿಗೆ ಒರೆಸುವುದನ್ನು ಸವದತ್ತಿಯ ಡಾಕ್ಟರೊಬ್ಬರ ತಾಯಿಗೆ. ಆಕೆ ಜನ್ಮದಲ್ಲಿ ಎಲೆ ಮುಟ್ಟಿದವಳಲ್ಲವಂತೆ, ಆದರೆ ಹಾಡು ಬಂದ ಮೇಲೆ ಮನೆಯವರೆಲ್ಲ ಆ ಸುಣ್ಣದ ಗೆರೆಗಳನ್ನು ನೆನಪು ಮಾಡಿಕೊಂಡು ಅತ್ತರು. ಹೀಗೆ ಸುತ್ತಲಿನ ಸ್ಥಿತಿವಂತರ ಗೋಡೆಗಳ ಮೇಲೆ, ಪ್ಲಾಸ್ಟಿಕ್ ಮಾಲೆಗಳ ಒಳಗೆ, ಅವನ ಅವ್ವ ಬೇರೆ ಬೇರೆ ಮುಖ ಹೊತ್ತು ಕೂತಿದ್ದಳು. ಟ್ರ್ಯಾಕ್ಟರಿನವನು ಅವಳನ್ನು ಗುರುತು ಹಿಡಿದಿದ್ದ.

ಫ್ಲೆಕ್ಸಿನ ಕೆಲಸದಲ್ಲಿ ಈ ಹೆದರಿಕೆಯಿಲ್ಲ. ಹುಟ್ಟುಹಬ್ಬದವರಿಗೆ ಒಂದು ಹುಲಿ, ಸತ್ತವರಿಗೆ ಒಂದು ದೀಪ ಮತ್ತು ಜೋಡಿ ಪಾರಿವಾಳ. ಫೋಟೋ ಬದಲಿಸಿದರೆ ಆಯಿತು. ‘ಮೊನ್ನಿ ಮಾಡಿದ್ರೆಲ್ಲಾ, ಅಂಥಾದ್ದ ಮಾಡ್ರಿ, ಹೆಸರಷ್ಟ ಬ್ಯಾರೆ’ ಎಂದು ಗಿರಾಕಿಗಳೇ ಹೇಳುತ್ತಾರೆ. ಹಗಲೆಲ್ಲ ನಕಲು ಮಾಡುವ ಕೈ ಅದು. ಅದೇ ಕೈ ಮನೆಗೆ ಹೋಗಿ ಹಾಡಿಗೆ ಕೂತಾಗ, ಒಂದು ಸಾಲು ಹಿಂದೆ ಎಲ್ಲೋ ಬಂದುಹೋಗಿದೆ ಅನ್ನಿಸಿದರೆ ಸಾಕು, ಯಾರೋ ಹಿಂದಿನಿಂದ ಬಂದು ಅಂಗಿಯ ಕಾಲರು ಹಿಡಿದಂತಾಗುತ್ತಿತ್ತು. ಸಾಲೆಯಲ್ಲಿ ಒಮ್ಮೆ ಮಾಸ್ತರರು ಹಾಗೆ ಹಿಡಿದಿದ್ದರು. ಪಕ್ಕದವನ ಪಾಟಿ ನೋಡಿ ಬರೆದದ್ದಕ್ಕೆ. ಅವನು ನೋಡಿರಲಿಲ್ಲ, ಇಬ್ಬರ ಲೆಕ್ಕವೂ ಒಂದೇ ರೀತಿ ತಪ್ಪಿತ್ತು. ಆದರೆ ಪಕ್ಕದವನು ಮುಂದಿನ ಸಾಲಿನವನು, ಇವನು ಹಿಂದಿನ ಸಾಲಿನಿಂದ ಅವತ್ತೊಂದು ದಿನ ಮುಂದೆ ಬಂದು ಕೂತವನು.

ಗೌರೀಶ ಫೋನು ಮಾಡಿದಾಗ ಅವನು ಗೊಬ್ಬರದಂಗಡಿಯವರ ಮಗನ ಹುಲಿಗೆ ಹೆಸರು ಕೂಡಿಸುತ್ತಿದ್ದ.

‘ಓದಿದೇನಪಾ ಕವಿ?’

‘ಓದಿದೆ.’

‘ನಾನ ಬರದೇನಿ ಅಂತ ತಿಳಕೋಬ್ಯಾಡ ಮತ್ತ. ಖರೇ ಅಂದ್ರ ನನಗೂ ಹಂಗ ಅನಸಿತ್ತು.’ ಗೌರೀಶ ನಕ್ಕ. ‘ಈಗ ಕೇಳು. ಚಚಡಿ ಶಂಕರೆಪ್ಪ ಸಾವಕಾರ್ರು ಅದಾರಲ್ಲ, ಇಲ್ಲೆ ಪ್ಯಾಟ್ಯಾಗ ಕಾಳಿನ ಅಡತಿ ಅಂಗಡಿ ಇಟ್ಟಾರ. ಅವರ ತಾಯಿ ಶಟ್ಟೆವ್ವ ತೀರಿ ವರ್ಷ ಆಕ್ಕೈತಿ. ಹಾಡಾವ ಸಂಜೀಕ ಬರತಾನ. ಅಷ್ಟರಾಗ ಬರದ ಕಳಸು. ಸೆರಗ ಬ್ಯಾಡ, ಸುಣ್ಣ ಬ್ಯಾಡ, ಹತ್ತಿ ಬ್ಯಾಡ. ನಮ್ಮವ್ವ ಊರಮಂದಿ ಅವ್ವನಂಗ ಆಗಬಾರದು ಅಂತ ಸಾವಕಾರ್ರು ಬಾಯಿಬಿಟ್ಟ ಹೇಳ್ಯಾರ. ಆಗೂದಿಲ್ಲಂದ್ರ ಈಗ ಹೇಳಿಬಿಡು ಮಾರಾಯ, ಮುನವಳ್ಳಿ ಕಡೆ ಹೊಸಾ ಹುಡುಗ ಒಬ್ಬಾಂವ ಸಿಕ್ಕಾನ. ಕಾಲೇಜ ಕಲತಾಂವ, ಚಲೋ ಬರೀತಾನ.’

‘ಆಕ್ಕೈತಿ ಗೌರೀಶಣ್ಣ’ ಅಂದ ಲಗಮಣ್ಣ. ಶಟ್ಟೆವ್ವ ಎಂಬ ಹೆಸರು ಕೇಳಿದ್ದೇ ಅವನಿಗೆ ಒಂದು ತರಹದ ಧೈರ್ಯ ಬಂದಿತ್ತು. ಸೀತವ್ವ ದುಡಿದದ್ದು ಅವರ ಮನೆಯಲ್ಲೇ, ಚಚಡಿಯಲ್ಲಿ, ಮದುವೆಯಾಗಿ ಬಂದಂದಿನಿಂದ ಅವನು ಸಾಲೆ ಬಿಡುವವರೆಗೆ. ಸಗಣಿ, ಕಸ, ಕೊಟ್ಟಿಗೆ. ಹೆತ್ತ ಮಕ್ಕಳಿಗೂ ಕಾಣದ ಒಬ್ಬ ಶಟ್ಟೆವ್ವ ಅವ್ವನ ಹೊಟ್ಟೆಯೊಳಗೆ ಇದ್ದೇ ಇರುತ್ತಾಳೆ. ಕಾಳು ತುಂಬಿ ಮಣ್ಣಿನಡಿ ಮುಚ್ಚಿದ ಹಗೇವಿನ ಬಾಯಿ ಎಲ್ಲಿದೆಯೆಂದು ತನಗೊಬ್ಬನಿಗೇ ಗೊತ್ತಿರುವವನ ಹಾಗೆ ಅವನು ಹುಲಿಯ ಕೊರಳಿಗೆ ಹೆಸರು ತೊಡಿಸಿ ಮುಗಿಸಿದ.

ಮಧ್ಯಾಹ್ನ ಊಟಕ್ಕೆ ಹೋದಾಗ ಅವ್ವ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಅವಳಿಗೆ ಉಳಿದದ್ದು ಬಾಯಿ ಒಂದೇ, ಅದೂ ತಿರುಗಿ ತಿರುಗಿ ಅದೇ ದಾರಿಯಲ್ಲಿ ಹೋಗುತ್ತಿತ್ತು. ಬಸ್ಸಿನ ಕಂಡಕ್ಟರು, ಸೆರಗು, ಸೆರಗಿನೊಳಗಿಂದ ಸೀನಿದ ಲಗಮ. ಮುಂಜಾನೆ ಸೊಸೆ ರೇಣುಗೆ, ಕಾಲೇಜಿನಿಂದ ಬಂದ ಮೊಮ್ಮಗಳು ಪ್ರಜ್ಞಾಗೆ, ಸಂಜೆ ಅವನಿಗೆ. ಒಂದು ದಿನ, ಗೌರೀಶ ಒಂದು ಹಾಡು ತಿರುಗಿ ಕಳಿಸಿದ್ದ ದಿನ, ಅವನು ಒದರಿಬಿಟ್ಟಿದ್ದ: ‘ಹೇಳಿದ್ದನ್ನ ಹೇಳಬ್ಯಾಡ ಯವ್ವಾ! ನೀ ಅದನ್ನ ಹೇಳತೀ, ನನ್ನ ತಲ್ಯಾಗ ಅದ ಕುಂದರತೈತಿ, ಹಾಡಿನ್ಯಾಗೂ ಅದ ಬರತೈತಿ.’ ತನ್ನ ಹಾಡು ಕೆಡಲು ಅವಳೇ ಕಾರಣವೆಂದು ಆಗ ಅವನಿಗೆ ನಿಜವಾಗಿ ಅನ್ನಿಸಿತ್ತು. ಅವತ್ತಿನಿಂದ ಸೀತವ್ವ ಬಾಯಿ ತೆರೆಯುವ ಮೊದಲು, ಮಾಸ್ತರರ ಅಪ್ಪಣೆ ಕೇಳುವ ಹುಡುಗಿಯಂತೆ ಕೇಳತೊಡಗಿದಳು: ‘ಇದನ್ನ ಮೊದಲ ಹೇಳೇನೇನು?’ ಕೆಲವು ದಿನ ಮನೆಯವರು ನಿಂತು ಕೇಳಿ, ಹೇಳಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ ಎಂದು ಇದ್ದದ್ದನ್ನು ಹೇಳಿದರು. ಆಮೇಲೆ ರೇಣು ರೊಟ್ಟಿ ಬಡಿಯುತ್ತಲೇ, ಮಾತು ಯಾವುದೆಂದು ತಿಳಿಯದೆಯೇ, ಅದನ್ನು ಆಗಲೇ ಹೇಳಿಯಾಗಿದೆ ಎಂದು, ‘ಹೇಳೀರಿ ಅತ್ತಿ’ ಅನ್ನುವುದು ರೂಢಿಯಾಯಿತು. ಪ್ರಜ್ಞಾ ಮೊಬೈಲಿನಿಂದ ಕಣ್ಣೆತ್ತದೆ ‘ಹೇಳೀ ಆಯಿ’ ಅನ್ನುವಳು. ಅವನು ಚಪ್ಪಲಿ ಬಿಡುವ ಮೊದಲೇ ಅನ್ನುತ್ತಿದ್ದ. ದಾರ ಎಳೆದ ಎಲೆಚಂಚಿಯ ಹಾಗೆ ಸೀತವ್ವನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮನೆ ತಣ್ಣಗಾಯಿತು. ಆ ತಣ್ಣಗಿನಲ್ಲಿ ಅವನು ತಾಯಿಯ ಪ್ರೀತಿಯ ಮೇಲೆ ಒಳ್ಳೊಳ್ಳೆಯ ಹಾಡು ಬರೆದ.

ಉಂಡು ಕೈ ತೊಳೆದು ಅವನು ಮಂಚದ ಕೊನೆಗೆ ಕೂತ. ಅವಳು ಬಸ್ಸಿನಲ್ಲಿ ಗುರುತಿಲ್ಲದವರಿಗೆ ಜಾಗ ಮಾಡಿಕೊಡುವಂತೆ ಕಾಲು ಎಳೆದುಕೊಂಡಳು.

‘ಯವ್ವಾ, ಚಚಡಿ ಶಟ್ಟೆವ್ವ ಹೆಂಗಿದ್ಲಬೇ?’

‘ಯಾಕ? ಸತ್ತಳಲ್ಲ ಅಕಿ.’

‘ಸತ್ತ ವರ್ಷ ಆತು. ನೀ ಅಕಿನ್ನ ಹತ್ರದಿಂದ ನೋಡೀದಿ. ಏನರ ಒಂದ ಹೇಳು, ಯಾರಿಗೂ ಗೊತ್ತಿರಲಾರದ್ದು.’

ಸೀತವ್ವನ ಕಣ್ಣು ಬೇರೆ ಎಲ್ಲೋ ಹೋಗಿ ನಿಂತವು. ‘ಅಕಿ ಹಿತ್ತಲ ಬಾಗಲದಾಗ ಒಂದಿನ...’ ಅಂದವಳು ಥಟ್ಟನೆ ತಡೆದು ಅವನ ಮುಖ ನೋಡಿದಳು. ‘ಇದನ್ನ ಮೊದಲ ಹೇಳೇನೇನು?’

‘ಇಲ್ಲಬೇ. ಹೇಳು.’

‘ಹೇಳೇನಿ.’

‘ಇಲ್ಲ ಯವ್ವಾ.’

‘ಹೇಳೇನೋ. ದೀಪಾವಳಿ ಮುಂದ ಹೇಳಾಕ ಹೊಂಟಿದ್ದೆ, ಹೇಳೀ ಅಂದಿ. ನೀನ ಅಂದಿ. ಹಿತ್ತಲ ಬಾಗಲದ್ದು ನಿನಗ ಗೊತ್ತೈತಿ, ಹೋಗು, ಬರಕೊ.’

ಅವನಿಗೆ ದೀಪಾವಳಿ ನೆನಪಾಗಲಿಲ್ಲ. ‘ನನಗ ಮರತೈತಿ, ಇನ್ನೊಮ್ಮೆ ಹೇಳು’ ಅಂದ. ಆಗ ಅವಳ ಸುಕ್ಕು ಮುಖದಲ್ಲಿ ಒಂದು ಕಳ್ಳ ಜಾಣತನ ಮೂಡಿತು. ‘ನನ್ನ ಪರೀಕ್ಷಾ ಮಾಡಾಕ ಹತ್ತೀ. ನಾ ಹೇಳಬೇಕು, ಮತ್ತ ನೀವೆಲ್ಲಾ ಹೋ ಅಂತ ನಗಬೇಕು. ನಾ ಸಿಗೂದಿಲ್ಲ ತಗೊ.’ ಒಳಗಿನಿಂದ ಪ್ರಜ್ಞಾ ನಕ್ಕಳು. ಆಟದಲ್ಲಿ ಗೆದ್ದೆನೆಂದು ಮುದುಕಿಯೂ ನಕ್ಕಳು. ಗೋಡೆಯ ಗಡಿಯಾರ ನೋಡಿದಾಗ ಲಗಮಣ್ಣನಿಗೆ ಮುನವಳ್ಳಿಯ ಹುಡುಗ ಕಾಣಿಸಿದ. ಇಸ್ತ್ರಿ ಅಂಗಿ, ಸಣ್ಣ ಗಡ್ಡ, ಯಾರ ತಾಯಿಯನ್ನೂ ಇನ್ನೂ ಮುಟ್ಟದ ಬೆರಳುಗಳು. ಅವನು ದಿಂಬಿನ ಕೆಳಗೆ ಕೈಹಾಕಿ ಅವಳ ಎಲೆಚಂಚಿ ಎಳೆದುಕೊಂಡ. ‘ಹೇಳು, ಅಂದ್ರ ಕೊಡತೇನಿ.’ ಸೀತವ್ವ ಚಂಚಿಯನ್ನೇ ನೋಡಿದಳು. ಅವಳ ದವಡೆ ತಾನಾಗಿ ಅಗಿಯುವಂತೆ ಆಡಿತು. ಕೈ ಮೇಲೆದ್ದು, ಅರ್ಧಕ್ಕೆ ಬಂದು, ಹೊದಿಕೆಯ ಮೇಲೆ ಬಿತ್ತು.

‘ಏನ್ರಿ ಅದು? ಮುದುಕೀ ಕೂಡ ಸಣ್ಣ ಹುಡುಗ್ರಾಂಗ’ ಎಂದು ರೇಣು ಬಾಗಿಲಿಗೆ ಬಂದಳು. ‘ಅವರರ ಏನ್ ಮಾಡಬೇಕು? ನಾವ ಹೇಳೀರಿ ಹೇಳೀರಿ ಅಂತ ಅಂದು...’ ಎಂದವಳು ಮುಂದಿನದನ್ನು ನುಂಗಿದಳು.

ಆ ನುಂಗಿದ ಮಾತು ಮೂವರ ನಡುವೆ ಕೂತಿತು. ಅದನ್ನು ಬಾಯಿಬಿಟ್ಟು ಹೇಳಿದರೆ ಅವ್ವನ ಬಾಯಿಯ ಬೀಗ ತೆಗೆಯುತ್ತದೆ ಎಂದು ಲಗಮಣ್ಣ ಯೋಚಿಸಿದ. ಅವಳಿಗೆ ನ್ಯಾಯವಾಗಲಿ ಎಂಬ ವಿಚಾರ ಹತ್ತಿರ ಬಂತು, ಅದೂ ಒಂದು ನೆಪವಾಗಬಹುದೆಂದು ಕಂಡು ಅವನು ಅದನ್ನು ಮುಂದಿಟ್ಟುಕೊಂಡ. ‘ಯವ್ವಾ, ನೀ ಹೇಳಿಲ್ಲ. ನಾವು ಸುಳ್ಳ ಅಂತಿದ್ವಿ.’

‘ಯಾವಾಗ?’

‘ಭಾಳ ಸಲ. ಕೇಳೂ ತ್ರಾಸ ತಪ್ಪಲಿ ಅಂತ.’

ಅವಳು ಸಿಟ್ಟಾಗುತ್ತಾಳೆಂದು ಅವನು ಕಾದ. ಅವಳು ಸಂತೆಯಲ್ಲಿ ಚೀಲ ಕಳೆದುಕೊಂಡವಳ ಹಾಗೆ ಒಂದೊಂದನ್ನೇ ತಡಕತೊಡಗಿದಳು. ‘ನಿಮ್ಮಪ್ಪ ಮುನವಳ್ಳಿ ಹೊಳ್ಯಾಗ ಎತ್ತ ಬಿಡಸಾಕ ಇಳದದ್ದು? ಅದನ್ನ ಹೇಳೇನಿಲ್ಲ?’

‘ಇಲ್ಲಬೇ.’ ಅಪ್ಪ ಹೊಳೆಗೆ ಇಳಿದದ್ದು ಅವನಿಗೆ ಗೊತ್ತಿರಲಿಲ್ಲ.

‘ನಿನಗಿಂತ ಮೊದಲ ಒಂದ ಹುಟ್ಟಿತ್ತಲ್ಲ, ಹೆಣ್ಣು?’

ರೇಣು ಚೌಕಟ್ಟು ಹಿಡಿದುಕೊಂಡಳು. ‘ಇಲ್ಲ’ ಅಂದ ಅವನು.

‘ಅದನ್ನೂ ಇಲ್ಲಾ? ಪ್ರಜ್ಞವ್ವಗ ಕೇಳಿದ್ನೆಲ್ಲೋ, ಹೇಳೀ ಆಯಿ ಅಂತಂದ್ಲು.’ ಒಳಗೆ ಮೊಬೈಲಿನ ಸದ್ದು ನಿಂತಿತು. ಸೀತವ್ವ ಸೂರು ನೋಡುತ್ತ, ಯಾರಿಗೂ ಅಲ್ಲದಂತೆ ಹೇಳಿಕೊಂಡಳು: ‘ನಾ ಇರಳೆಲ್ಲಾ ಹುಡುಕತಿದ್ದೆ. ಯಾವಾಗ ಹೇಳಿದ್ದೆ, ಯಾವಾಗ ಹೇಳಿದ್ದೆ ಅಂತ. ಎಷ್ಟ ತಡಕಿದ್ರೂ ಹೇಳಿದ್ದ ಸಿಗತಿದ್ದಿಲ್ಲ. ಅರಳಮರಳ ಹತ್ತೇತಿ ನನಗ, ಇನ್ನೇನ ಮಕ್ಕಳ ಹೆಸರೂ ಮರತ ಹೊಕ್ಕೇನಿ ಅಂತ ಹೆದರಿ, ನಿಮ್ಮ ಹೆಸರೆಲ್ಲಾ ಬಾಯಾಗ ಅನಕೋಂತ ಮಲಗತಿದ್ದೆ.’

ಅವಳ ಕಾಲು ಹಿಡಿಯಬೇಕಾದ ಗಳಿಗೆ ಅದು ಎಂದು ಅವನಿಗೆ ಸ್ವಚ್ಛವಾಗಿ ಗೊತ್ತಾಯಿತು. ಗೊತ್ತಾಗುತ್ತಿರುವಾಗಲೇ, ಯಾವಾಗ ಹೇಳಿದ್ದೆ, ಯಾವಾಗ ಹೇಳಿದ್ದೆ, ಎಂಬುದು ಅವನ ತೊಡೆಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿತ್ತು. ಬೆರಳನ್ನು ನಿಲ್ಲಿಸಿದ. ಅದು ಅಂಗಾಲಿಗೆ ಇಳಿದು ಅಲ್ಲಿ ಬಡಿಯತೊಡಗಿತು. ಇದು ಯಾವ ಹಾಡಿನಲ್ಲೂ ಬಂದಿಲ್ಲ; ಅವನದರಲ್ಲಿ, ಯಾರದರಲ್ಲೂ. ಹೊಟ್ಟೆಯೊಳಗೆ ಎದ್ದದ್ದು ಸಂತೋಷವೆಂದು ಒಪ್ಪಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

‘ಈಗರ ಹೇಳು, ಹಿತ್ತಲ ಬಾಗಲದ್ದು’ ಎಂದು ಅವನು ಚಂಚಿ ಅವಳ ಕೈಗಿಟ್ಟ.

‘ಇರಲಿ ಬಿಡು’ ಅಂದಳು ಸೀತವ್ವ. ‘ಅವು ಇನ್ನೂ ನನ್ನ ಕಡೆನ ಅದಾವಂದ್ರ ಇರಲಿ.’ ಅವಳು ಚಂಚಿಯ ದಾರ ಬಿಚ್ಚಿ ಎಲೆ ತೆಗೆದು, ತೊಟ್ಟು ಮುರಿದು, ನಿಧಾನವಾಗಿ ಸುಣ್ಣ ಸವರಿದಳು. ಅವನ ಕಡೆ ನೋಡಲಿಲ್ಲ.

ಅಂಗಡಿಗೆ ವಾಪಸು ಬಂದು, ದೀಪ ಪಾರಿವಾಳಗಳ ಕಡತದ ಪಕ್ಕದಲ್ಲೇ ಹೊಸದೊಂದು ತೆರೆದು ಅವನು ಬರೆದ. ಹೊರಗೆ ಗೋವಿನಜೋಳ ಹೇರಿದ ಟ್ರ್ಯಾಕ್ಟರುಗಳು ಪ್ಯಾಟಿಯ ಕಡೆಗೆ ತಿರುಗುತ್ತಿದ್ದವು. ಅವನ್ನು ಓಡಿಸುವವರಲ್ಲಿ ಯಾವನಾದರೂ ಹಾಡಿನ ಕೆಳಗೆ ಬರೆದವನಿರಬಹುದೇ ಎಂದು ಒಮ್ಮೆ ಕತ್ತೆತ್ತಿ ನೋಡಿದ. ಹಾಡು ತಡೆಯಿಲ್ಲದೆ ಬಂತು.

ಹೇಳದ ಮಾತೀಗೆ ಹೇಳೀದಿ ಅಂದೇನ
ಬಾಯ್ಮುಚ್ಚಿ ಕುಂತಾಳ ನನ್ನವ್ವ
ಯಾವಾಗ ಹೇಳಿದೆ ಯಾವಾಗ ಹೇಳಿದೆ
ಇರುಳೆಲ್ಲ ಹುಡುಕ್ಯಾಳ ಸೀತವ್ವ

ಕೊನೆಯ ಹೆಸರು ಕೈಯಿಂದ ತಾನಾಗಿ ಬಿದ್ದಿತ್ತು. ಅಳಿಸಿ ಶಟ್ಟೆವ್ವ ಎಂದು ಹೊಡೆದ. ತಾಳ ಎಲ್ಲೂ ಕುಂಟಲಿಲ್ಲ. ಸೀತವ್ವ ಇದ್ದಷ್ಟೇ ಜಾಗದಲ್ಲಿ ಶಟ್ಟೆವ್ವ ಬಂದು ಕೂತಳು. ಅಷ್ಟು ಸಲೀಸಾದದ್ದಕ್ಕೆ ಅವನಿಗೆ ಸ್ವಲ್ಪ ಬೇಸರವಾಯಿತು. ಎಲ್ಲಾದರೂ ಒಂದು ಅಕ್ಷರ ಹೆಚ್ಚಾಗಿ ತನ್ನನ್ನು ತಡೆಯಬೇಕಿತ್ತು ಅನ್ನಿಸಿ, ಅನ್ನಿಸುತ್ತಿರುವಾಗಲೇ ಗೌರೀಶನಿಗೆ ಕಳಿಸಿದ.

ಮರುದಿನ ಸಂಜೆ ಅವನು ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಹಾಡು ಬಂತು, ಅದರ ಬೆನ್ನಿಗೇ ಶಂಕರೆಪ್ಪನ ಫೋನು. ಹೊಗಳಿಕೆಯನ್ನು ರೇಣುವೂ ಕೇಳಲಿ ಎಂದು ಲಗಮಣ್ಣ ಸ್ಪೀಕರ್ ಹಚ್ಚಿದ.

‘ಏ ತಮ್ಮಾ, ಹಾಡ ಬರದಾಂವ ನೀನ ಏನ? ಹೆಂಗ ಗೊತ್ತಾತೋ ನಿನಗ? ನಾನೂ ನಮ್ಮವ್ವಗ ಹಂಗ ಅಂತಿದ್ನೆಲ್ಲೋ. ಅಂಗಡ್ಯಾಗ ಗಿರಾಕಿ ಇರತಿದ್ರು, ಅಕಿ ಫೋನ್ ಮಾಡಾಕಿ, ಹೇಳೀ, ಫೋನ್ ಇಡು ಅಂತಿದ್ದೆ.’ ಅಡತಿ ಅಂಗಡಿಯ ಆ ಗಡಸು ದನಿ ಒಡೆಯಿತು, ಮೂಗು ಏರಿಸಿಕೊಂಡದ್ದು ಪಡಸಾಲೆಗೆಲ್ಲ ಕೇಳಿಸಿತು. ಆಮೇಲೆ ಅದು ತನ್ನನ್ನು ಸರಿಮಾಡಿಕೊಂಡಿತು. ‘ತಡಿ, ಲಗಮ ಅಂತಲ್ಲ, ನೀ ಸೀತಿ ಮಗ ಅಲ್ಲೇನ? ನಮ್ಮ ಕೊಟಗಿ ಸೀತೀದು?’

‘ಹೌದ್ರಿ ಸಾವಕಾರ್ರ.’

‘ಅಕಿ ಇನ್ನೂ ಅದಾಳ?’

‘ಅದಾಳ್ರಿ.’

‘ನೋಡ, ನಮ್ಮವ್ವ ಹ್ವಾದಳು’ ಅಂದ ಶಂಕರೆಪ್ಪ, ಯಾರೋ ಲೆಕ್ಕ ತಪ್ಪು ಮಾಡಿದ್ದಾರೆ ಎಂಬಂತೆ. ಫೋನಿಟ್ಟ ಮೇಲೆ ರೇಣು ಕಪ್ಪು ಬಸಿಗಳನ್ನು ಎತ್ತಿಕೊಂಡು ಹೋದಳು. ಮಂಚದಿಂದ ಮಾತು ಬಂತು: ‘ಹಚ್ಚು ನೋಡೂಣು, ಕೊಟಗಿ ಸೀತಿ ಮಗ ಏನ್ ಬರದಾನ.’

ಅವನು ಹಚ್ಚಿದ. ಹಾಡುವವನ ಗಂಟಲು ಚೆನ್ನಾಗಿತ್ತು, ಶಟ್ಟೆವ್ವ ಎಂಬಲ್ಲಿ ಎಳೆದು ಎಳೆದು ಅಳುತ್ತಿತ್ತು. ಸೀತವ್ವ ಪೂರ್ತಿ ಕೇಳಿದಳು. ಮುಗಿದ ಮೇಲೆ ಬಾಯಲ್ಲಿದ್ದದ್ದನ್ನು ಡಬ್ಬಿಗೆ ಉಗುಳಿ, ತುಟಿ ಒರೆಸಿ ಹೇಳಿದಳು: ‘ಅಕಿ ಬಿಟ್ಟ ಸೀರಿ ನಾ ಉಟ್ಟೆ. ಈಗ ನಾ ಬಿಟ್ಟದ್ದನ್ನ ಅಕಿ ಉಟ್ಟಳು. ಆತಲ್ಲ, ಸಮಾ ಆತು.’ ಎಂಥ ಮಾತು ಅಂದುಕೊಂಡ ಲಗಮಣ್ಣ, ಮತ್ತು ಅವನ ಕೈ ಅದನ್ನು ಬರೆದಿಟ್ಟುಕೊಳ್ಳಲು ಫೋನಿನ ಕಡೆಗೆ ಹೋಯಿತು. ಅವಳು ಆ ಕೈಯನ್ನು ನೋಡಿದಳು. ಕೊಟ್ಟಿಗೆಯಲ್ಲಿ ಹಾಲಿನ ಚರಿಗೆಗೆ ಬಾಯಿ ಹಾಕುವ ನಾಯಿಯನ್ನು ನೋಡಿದ ಹಾಗೆ, ಸಿಟ್ಟಿಲ್ಲದೆ, ಗುರುತು ಹಿಡಿದು. ಮತ್ತೆ ಅವನ ಮುಂದೆ ಅವಳು ನೀರು ಬೇಕು ಅನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಅವನ ಹಿಂದೆ ಮಾತಾಡುತ್ತಿದ್ದಳು. ಕಾಲೇಜು ಮುಗಿಸಿ ಬಂದ ಪ್ರಜ್ಞಾ ಮೊಬೈಲನ್ನು ಬೋರಲು ಹಾಕಿ ಮಂಚಕ್ಕೆ ಒರಗಿ ಕೂರುತ್ತಿದ್ದಳು. ಅಂಗಡಿಯಿಂದ ಬೇಗ ಬಂದ ದಿನ ಅವನಿಗೆ ಬಾಗಿಲ ಹೊರಗಿನಿಂದಲೇ ಆ ಗುಣುಗುಣು ಕೇಳಿಸುತ್ತಿತ್ತು. ಏರುತ್ತ, ಇಳಿಯುತ್ತ, ನಡುವೆ ಹುಡುಗಿಯ ‘ಆಮ್ಯಾಲ?’ ಒಂದು ದಿನ ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಗೋಡೆಗಂಟಿ ನಿಂತ. ಹೊಳೆ ಎಂಬ ಒಂದು ಶಬ್ದ ಸಿಕ್ಕಿತು, ಮತ್ತೊಂದು ಹೆಣ್ಣಿನ ಹೆಸರು, ಅದು ತನ್ನ ಅಕ್ಕನದೇ ಇರಬೇಕು. ಅಷ್ಟರಲ್ಲಿ ರೇಣು ಕೊಡ ಹೊತ್ತು ಬಂದು, ‘ಸ್ವಂತ ಮನ್ಯಾಗ ಕಳ್ಳನಂಗ ಯಾಕ ನಿಂತೀರಿ? ಒಳಗರ ಹೋಗ್ರಿ, ಹೊರಗರ ಹೋಗ್ರಿ’ ಅಂದಳು. ಒಳಗೆ ಮಾತು ನಿಂತಿತು. ಅವನು ಹೋಗಿ ಕೂತು ಫ್ಯಾನು ನೋಡಿದ. ಮೂವರು ಹೆಂಗಸರು ಅವನು ಎದ್ದು ಹೋಗುವುದನ್ನು ಕಾದರು.

ಗೌರೀಶ ಮಾತ್ರ ಬಿಡಲಿಲ್ಲ. ಹಾಡು ನಡೆದಿತ್ತು. ಟ್ರ್ಯಾಕ್ಟರಿನವನು ಕೂಡ ಈ ಸಲ ಎರಡು ಕೈ ಮುಗಿದ ಚಿತ್ರ ಹಾಕಿದ್ದ. ‘ಎಲ್ಲಾರೂ ಅಂಥಾದ್ದ ಬೇಕು ಅನ್ನಾಕ ಹತ್ಯಾರ ಕವಿ. ಕಿತ್ತೂರದಾಗ ಒಬ್ಬಾಕಿ, ರಾಮದುರ್ಗದಾಗ ಒಬ್ಬಾಕಿ. ಅಂಥಾದ್ದ ಆಗಬೇಕು, ಅದ ಆಗಬಾರದು. ತಿಳೀತಿಲ್ಲೋ?’ ಲಗಮಣ್ಣನಿಗೆ ತಿಳಿಯಿತು. ಖಾಲಿ ಪರದೆಯ ಮುಂದೆ ಕೂತರೆ ಸೆರಗು ಬಂತು, ಸುಣ್ಣ ಬಂತು, ಹತ್ತಿ ಬಂತು. ಹೊಡೆದು ಅಟ್ಟಿದರೆ ಯಾವಾಗ ಹೇಳಿದೆ ಯಾವಾಗ ಹೇಳಿದೆ ಎಂಬುದೇ ತಿರುಗಿ ಬಂದು ನಿಂತಿತು. ಅದರ ಆಚೆಗೆ ಮುಚ್ಚಿದ ಒಂದು ಹಿತ್ತಲ ಬಾಗಿಲು. ಅದರ ಹಿಂದೆ ಏನಿದೆಯೆಂದು ಈಗ ಇಬ್ಬರಿಗೆ ಗೊತ್ತು, ಅವರಲ್ಲಿ ಒಬ್ಬಳನ್ನು ಅವನೇ ಫೀ ತುಂಬಿ ಕಾಲೇಜಿಗೆ ಕಳಿಸುತ್ತಿದ್ದಾನೆ.

ರವಿವಾರ ಮುಂಜಾನೆ ಪ್ರಜ್ಞಾ ಮಾಳಿಗೆಯ ಮೇಲೆ ಅರಿವೆ ಒಣಹಾಕುತ್ತಿದ್ದಳು. ಅವನು ಹತ್ತಿಹೋಗಿ, ಬಕೀಟಿನಿಂದ ಅವ್ವನ ಸೀರೆಯ ಒಂದು ತುದಿ ಹಿಡಿದು ಹಿಂಡಲು ಕೈಕೊಟ್ಟ. ಇಬ್ಬರೂ ಎರಡು ಕಡೆ ತಿರುವಿದರು.

‘ಆಯಿ ಹಿತ್ತಲ ಬಾಗಲದ್ದು ಹೇಳಿದ್ಲೇನ?’

‘ಹ್ಞೂಂ.’

‘ಏನಂತ?’

‘ನಿನಗ ಹೇಳಬಾರದಂತ. ಆಣಿ ಮಾಡಿಸ್ಕೊಂಡಾಳ.’ ಹುಡುಗಿ ಸೀರೆಯನ್ನು ಝಾಡಿಸಿದಳು, ಹನಿಗಳು ಅವನ ಮುಖಕ್ಕೆ ಸಿಡಿದವು. ‘ನಾ ಭಾಳ ಅತ್ತೆ ಪಪ್ಪಾ ಅದನ್ನ ಕೇಳಿ. ನೀ ಅದನ್ನ ಮಾರಬ್ಯಾಡ.’

ಅವಳ ಕಣ್ಣು ನಿಜವಾಗಿಯೂ ಕೆಂಪಾಗಿದ್ದವು. ಇಳಿದುಹೋಗಬೇಕು ಅಂದುಕೊಂಡ ಲಗಮಣ್ಣ. ಒಂದು ಮೆಟ್ಟಿಲು ಇಳಿದ ಕೂಡ. ಕೆಳಗೆ, ಬೆಳಕಿಂಡಿಯ ಮೂಲಕ, ಮಂಚದ ಒಂದು ಮೂಲೆ ಕಾಣುತ್ತಿತ್ತು, ಹೊದಿಕೆಯ ಹೊರಗೆ ಚಾಚಿದ ಒಂದು ಪಾದ, ಅದರ ಬಿರುಕು. ಬಿರುಕಿನ ಮೇಲೆ ಹಿಂದೆ ಬರೆದಾಗಿದೆ, ಅಂದುಕೊಂಡ. ತಿರುಗಿದ.

‘ನಿನ್ನ ಮೊಬೈಲಿನ ಗ್ಲಾಸ್ ಒಡದೈತಲ್ಲ, ಹೊಸಾ ಮೊಬೈಲ ಕೊಡಸತೇನಿ.’

ಪ್ರಜ್ಞಾ ಸೀರೆಗೆ ಕ್ಲಿಪ್ಪು ಸಿಗಿಸುತ್ತಿದ್ದವಳು ನಿಂತಳು. ಒದ್ದೆ ಸೀರೆ ಇಬ್ಬರ ನಡುವೆ ತೂಗುತ್ತಿತ್ತು, ಅವಳ ಮುಖ ಕಾಣಲಿಲ್ಲ, ಕಾಲಷ್ಟೇ ಕಾಣುತ್ತಿತ್ತು. ಬಹಳ ಹೊತ್ತು ಆ ಕಾಲು ಅಲುಗಲಿಲ್ಲ. ಅವಳು ಬೈದುಬಿಡಲಿ ಎಂದು ಅವನು ಬೇಡಿಕೊಂಡ. ಒಂದು ಸಲ, ಬಾಯಿ ತುಂಬ.

‘ಯಾವ ಕಂಪನೀದು?’ ಕೇಳಿದಳು ಸೀರೆಯ ಆಚೆಯಿಂದ.

ಅವನು ತಡಮಾಡದೆ ಹೆಸರು ಹೇಳಿದ.